ಇನ್‌ಬಾಕ್ಸ್ ಕಸಕ್ಕೆ ನಾವೂ ಹೊಣೆ

ನನ್ನ ರೂಮ್‌ಮೇಟ್ ಜೋಯಿಡಾ ತಾಲೂಕಿನವನು. ಅವನ ಊರಲ್ಲಿ ನೆಟ್‌ವರ್ಕ್ ಬೇಕು ಅಂದ್ರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಹೋದ ಸೆಮಿಸ್ಟರ್ ರಜೆಯಲ್ಲಿ ಅವನಿಗೆ ಒಂದು ಸ್ಕಾಲರ್‌ಶಿಪ್‌ನವರಿಂದ ಮೇಲ್ ಬಂದಿತ್ತು. ಆದಾಯ ಪ್ರಮಾಣಪತ್ರ ಸ್ಪಷ್ಟವಾಗಿಲ್ಲ, ಏಳು ದಿನದೊಳಗೆ ಮತ್ತೆ ಅಪ್‌ಲೋಡ್ ಮಾಡಿ ಅಂತ. ಅವನು ದಿನಾ ಸಂಜೆ ಗುಡ್ಡ ಹತ್ತುತ್ತಿದ್ದ, ಮೇಲ್ ತೆರೆದು ನೋಡುತ್ತಲೂ ಇದ್ದ. ಆದರೆ ಆ ಸಿಗ್ನಲ್‌ನಲ್ಲಿ ಮೇಲಿನ ಹತ್ತಿಪ್ಪತ್ತು ಮೇಲ್ ಮಾತ್ರ ಲೋಡ್ ಆಗುತ್ತಿದ್ದವು. ಅವೆಲ್ಲ ಶೂ ಆಫರ್, ಡೆಮೊ ಕ್ಲಾಸ್, ವಿದೇಶದಲ್ಲಿ ಓದಿ ಅನ್ನೋ ಜಾಹೀರಾತು. ಬೇಕಾದದ್ದು ಕೆಳಗೆ ಎಲ್ಲೋ ಹೂತುಹೋಗಿತ್ತು. ಹಳಿಯಾಳಕ್ಕೆ ವಾಪಸ್ ಬಂದು ನೋಡಿದಾಗ ಹನ್ನೊಂದನೇ ದಿನ. ಹಾಸ್ಟೆಲ್ ಫೀಗೆ ಅಂತ ನಂಬಿಕೊಂಡಿದ್ದ ದುಡ್ಡು ಹೋಯ್ತು.

"ದಿನಾ ನೋಡ್ತಿದ್ನಲ್ಲೋ ಲೇ ನಾನು" ಅಂದ. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ನಾವು ಎಂಜಿನಿಯರಿಂಗ್ ಹುಡುಗರು ಸ್ಪ್ಯಾಮ್ ಅಂದ್ರೆ ನಗ್ತೀವಿ. ಲಾಟರಿ ಹೊಡೆದಿದೆ ಅಂತ ಬರೋ ಮೇಲ್ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕ್ತೀವಿ. ಆದರೆ ಇದರ ಲೆಕ್ಕ ಸ್ವಲ್ಪ ನೋಡಿ. 1978ರ ಮೇ 3ರಂದು ಅಮೆರಿಕದ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ಎಂಬವರು ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಜನಕ್ಕೆ ಒಂದೇ ಜಾಹೀರಾತು ಕಳಿಸಿದರು. ಮೊದಲ ಸ್ಪ್ಯಾಮ್ ಅಂತ ಹೇಳೋದು ಅದನ್ನೇ. ಅವತ್ತಿನಿಂದ ಇವತ್ತಿನವರೆಗೂ ಲೆಕ್ಕ ಬದಲಾಗಿಲ್ಲ. ಒಬ್ಬರಿಗೆ ಕಳಿಸಿದರೂ ಸಾವಿರ ಜನಕ್ಕೆ ಕಳಿಸಿದರೂ ಕಳಿಸುವವನಿಗೆ ಖರ್ಚು ಹೆಚ್ಚುಕಡಿಮೆ ಒಂದೇ. ಸಮಯ, ಡೇಟಾ, ಗಮನ ಎಲ್ಲ ಹೋಗೋದು ಪಡೆಯುವವನದ್ದು. ಹಾಸ್ಟೆಲ್ ವೈಫೈನಲ್ಲಿ ಕೂತವನಿಗೆ ಅದು ಬರೀ ಕಿರಿಕಿರಿ. ಗುಡ್ಡ ಹತ್ತಿ ನಿಂತವನಿಗೆ ಅದೇ ಒಂದು ವರ್ಷದ ಫೀ.

ಆ ರಾತ್ರಿ ಇಬ್ಬರೂ ಕೂತು ಅವನ ಇನ್‌ಬಾಕ್ಸ್ ಕೆದಕಿದೆವು. ಇಷ್ಟೊಂದು ಕಸ ಎಲ್ಲಿಂದ ಬಂತು ಅಂತ. ಪಿಯುಸಿಯಲ್ಲಿ ಬರೆದ ಫ್ರೀ ಮಾಕ್ ಟೆಸ್ಟ್, ದಾಂಡೇಲಿಗೆ ರಾಫ್ಟಿಂಗ್‌ಗೆ ಹೋದಾಗ ವೈಫೈಗೋಸ್ಕರ ತುಂಬಿದ ಫಾರ್ಮ್, ಕೂಪನ್ ಕೊಡೋ ಆ್ಯಪ್. ಕೋಚಿಂಗ್ ಸೆಂಟರ್ ಒಂದರಿಂದ ಮಾತ್ರ ವಾರಕ್ಕೆ ನಾಲ್ಕೈದು ಮೇಲ್. "ಇವರಿಗೆ ನಾ ಯಾವಾಗ ಐಡಿ ಕೊಟ್ಟೆ?" ಅಂತ ಅವನು ತಲೆ ಕೆರೆದುಕೊಂಡ.

ನನಗೆ ಗೊತ್ತಿತ್ತು. ಹೋದ ವರ್ಷದ ಫೆಸ್ಟ್‌ಗೆ ಅವರು ಸ್ಪಾನ್ಸರ್. ನಾನು ವಾಲಂಟಿಯರ್. ಬ್ಯಾನರ್ ದುಡ್ಡಿನ ಜೊತೆಗೆ ಅವರು ಕೇಳಿದ್ದು ರಿಜಿಸ್ಟ್ರೇಷನ್ ಶೀಟ್. ಒಂದು ಕ್ಲಿಕ್‌ನಲ್ಲಿ ಶೇರ್ ಮಾಡಿದವನು ನಾನೇ. ಯಾರನ್ನೂ ಕೇಳಲಿಲ್ಲ, ತಪ್ಪು ಅಂತ ಅನಿಸಲೂ ಇಲ್ಲ. ಆ ಶೀಟ್‌ನಲ್ಲಿ ಅವನ ಹೆಸರೂ ಇತ್ತು.

ಅದಕ್ಕೇ ಈ ಲೇಖನ. ಸ್ಪ್ಯಾಮ್ ಕಳಿಸೋರು ಎಲ್ಲೋ ಹೊರದೇಶದಲ್ಲಿ ಕೂತಿರೋ ಕಳ್ಳರು ಮಾತ್ರ ಅಂದುಕೊಂಡಿದ್ದೆ. ಕ್ಯಾಂಪಸ್‌ನಲ್ಲಿ ಆ ಕೆಲಸವನ್ನು ನಾವೇ ಮಾಡ್ತಿದ್ದೀವಿ.

ಕಾನೂನು ಏನು ಹೇಳುತ್ತೆ? ಕರೆ ಮತ್ತು ಎಸ್‌ಎಂಎಸ್ ಕಾಟಕ್ಕೆ 1909 ಇದೆ, ಆದರೆ ಅದು ಇಮೇಲ್‌ಗೆ ಅನ್ವಯಿಸಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಒಂದು ತತ್ವ ನನಗೆ ಇಷ್ಟವಾಯ್ತು: ಯಾವ ಉದ್ದೇಶಕ್ಕೆ ಒಪ್ಪಿಗೆ ತಗೊಂಡಿದ್ದೀರೋ ಅದಕ್ಕೆ ಮಾತ್ರ ಮಾಹಿತಿ ಬಳಸಬೇಕು, ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ಅದನ್ನು ವಾಪಸ್ ತಗೊಳ್ಳೋಕೂ ಆಗಬೇಕು. ಫೆಸ್ಟ್ ಫಾರ್ಮ್‌ಗೂ ಇದೇ ನ್ಯಾಯ ಅಲ್ವಾ?

ನಮ್ಮ ಕಡೆಯಿಂದ ಮಾಡಬಹುದಾದದ್ದೂ ಇದೆ. ಕೂಪನ್, ವೈಫೈ, ಮಾಕ್ ಟೆಸ್ಟ್‌ಗೆ ಬೇರೆ ಐಡಿ ಇಟ್ಟುಕೊಳ್ಳಿ. ಸ್ಕಾಲರ್‌ಶಿಪ್, ಪ್ಲೇಸ್‌ಮೆಂಟ್‌ಗೆ ಇರೋ ಐಡಿ ಬೇರೆಲ್ಲೂ ಕೊಡಬೇಡಿ. ಜಿಮೇಲ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಪ್ಲಸ್ ಚಿಹ್ನೆ ಹಾಕಿ 'ಫೆಸ್ಟ್' ಅಂತ ಸೇರಿಸಿ ಕೊಟ್ಟರೂ ಮೇಲ್ ನಿಮಗೇ ಬರುತ್ತೆ. ಆಮೇಲೆ ಯಾರು ಐಡಿ ಹಂಚಿದರು ಅಂತ ಗೊತ್ತಾಗುತ್ತೆ. ಗೊತ್ತಿರೋ ಕಂಪನಿ ಆದ್ರೆ ಅನ್‌ಸಬ್‌ಸ್ಕ್ರೈಬ್ ಮಾಡಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ರಾಶಿ ರಾಶಿ ಮೇಲ್ ಕಳಿಸೋರು ಅದಕ್ಕೆ ಸುಲಭ ದಾರಿ ಕೊಡಲೇಬೇಕು ಅಂತ ನಿಯಮ ಮಾಡಿವೆ. ಗೊತ್ತಿಲ್ಲದವರು ಕಳಿಸಿದ್ದರೆ ಒಳಗಿನ ಯಾವ ಲಿಂಕೂ ಒತ್ತಬೇಡಿ, ರಿಪೋರ್ಟ್ ಸ್ಪ್ಯಾಮ್ ಸಾಕು. ಜಿಮೇಲ್ ಸ್ಪ್ಯಾಮ್ ಫೋಲ್ಡರ್ 30 ದಿನಕ್ಕೆ ತಾನೇ ಖಾಲಿಯಾಗುತ್ತೆ, ಹಾಗಾಗಿ ವಾರಕ್ಕೊಮ್ಮೆ ಅಲ್ಲೂ ಕಣ್ಣು ಹಾಯಿಸಿ.

ಇನ್ನೊಂದು ಅಪಾಯ ಇದೆ. ಕಸ ಜಾಸ್ತಿಯಾದಷ್ಟೂ ನೋಡದೆ ಒತ್ತೋದು ಅಭ್ಯಾಸ ಆಗಿಬಿಡುತ್ತೆ. ಮುಂಡಗೋಡ ಅಂದ್ರೆ ನಮಗೆ ಟಿಬೆಟನ್ ಕ್ಯಾಂಪ್, ಮೊಮೊ. ಆ ಸಮುದಾಯ ನಮಗಿಂತ ಮೊದಲೇ ಈ ಪಾಠ ಕಲಿತಿದೆ. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ 2009ರಲ್ಲಿ ಬಯಲು ಮಾಡಿದ 'ಘೋಸ್ಟ್‌ನೆಟ್' ಎಂಬ ಗೂಢಚಾರಿಕೆ ಜಾಲ 103 ದೇಶಗಳ ಕನಿಷ್ಠ 1,295 ಕಂಪ್ಯೂಟರ್‌ಗಳಲ್ಲಿ ಹೊಕ್ಕಿತ್ತು. ಧರ್ಮಶಾಲಾದ ದಲೈ ಲಾಮಾ ಕಚೇರಿಯ ಕಂಪ್ಯೂಟರ್‌ಗಳೂ ಅದರಲ್ಲಿದ್ದವು. ಅದು ಹರಡಲು ಬಳಸಿದ ದಾರಿ, ಪರಿಚಯದವರದ್ದೇ ಅನಿಸುವ ಮೇಲ್‌ನ ಅಟ್ಯಾಚ್‌ಮೆಂಟ್. ಆಮೇಲೆ ಟಿಬೆಟನ್ನರಲ್ಲೇ ಅಟ್ಯಾಚ್‌ಮೆಂಟ್ ಬಿಡಿ ಅನ್ನೋ ಜಾಗೃತಿ ಅಭಿಯಾನ ನಡೆಯಿತು. ಬುದ್ಧನ ಮಾತಿಗೂ ಸರಿಹೊಂದುತ್ತೆ ನೋಡಿ.

ಈ ಸಲದ ಫೆಸ್ಟ್ ಫಾರ್ಮ್ ಮಾಡೋ ಕೆಲಸ ನಾನೇ ಕೇಳಿ ತಗೊಂಡಿದ್ದೀನಿ. ಕ್ಲಬ್‌ಗಳಿಗೆ ನನ್ನ ಕೋರಿಕೆ ಮೂರೇ: ಶೀಟ್ ಸ್ಪಾನ್ಸರ್‌ಗೆ ಕೊಡಬೇಡಿ, ಒಂದೇ ಕಾರ್ಯಕ್ರಮಕ್ಕೆ ಹತ್ತು ರಿಮೈಂಡರ್ ಕಳಿಸಬೇಡಿ, ಫೆಸ್ಟ್ ಮುಗಿದ ಮೇಲೆ ಶೀಟ್ ಡಿಲೀಟ್ ಮಾಡಿ. ಸ್ಪಾನ್ಸರ್ ದುಡ್ಡು ಸ್ವಲ್ಪ ಕಡಿಮೆ ಆಗಬಹುದು. ಆಗಲಿ.

ಶೀಟ್ ವಿಷಯ ರೂಮ್‌ಮೇಟ್‌ಗೆ ಹೇಳೋಕೆ ಎರಡು ವಾರ ಬೇಕಾಯ್ತು. ಬಯ್ಯಲಿಲ್ಲ. ಸುಮ್ಮನೆ ಅನ್‌ಸಬ್‌ಸ್ಕ್ರೈಬ್ ಮಾಡ್ತಾ ಕೂತ. ಬೈದಿದ್ದರೆ ಚೆನ್ನಾಗಿತ್ತು.