ಮಿಸಿಸಿಪ್ಪಿಗೆ ಹೋದ ಬೇಸಿಗೆಯ ಮೇಷ್ಟರು

1964ರ ಜೂನ್ ತಿಂಗಳ ಕೊನೆಯ ವಾರ. ಅಮೆರಿಕದ ಓಹಾಯೊ ರಾಜ್ಯದಲ್ಲಿ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿದೆ. ಅಲ್ಲಿನ ಮಹಿಳಾ ಕಾಲೇಜೊಂದರಲ್ಲಿ ತರಬೇತಿಗೆಂದು ನೂರಾರು ಕಾಲೇಜು ವಿದ್ಯಾರ್ಥಿಗಳು ಸೇರಿದ್ದರು. ಬಹುಪಾಲು ಬಿಳಿಯರು, ಉತ್ತರದ ರಾಜ್ಯಗಳವರು, ಉಂಡುಟ್ಟು ಬೆಳೆದ ಮನೆಗಳ ಮಕ್ಕಳು. ಮಿಸಿಸಿಪ್ಪಿಗೆ ಹೋಗಿ ಅಲ್ಲಿನ ಕಪ್ಪು ಹುಡುಗ ಹುಡುಗಿಯರಿಗೆ ಪಾಠ ಹೇಳುವ ಕೆಲಸ ಅವರದು. ತರಬೇತಿ ಶುರುವಾಗುವ ಹೊತ್ತಿಗೇ ಕೆಟ್ಟ ಸುದ್ದಿ ಬಂತು. ಹಿಂದಿನ ವಾರ ಅದೇ ಕಾಲೇಜಿನಲ್ಲಿ ತರಬೇತಿ ಮುಗಿಸಿ ಹೊರಟಿದ್ದ 20ರ ವಿದ್ಯಾರ್ಥಿ ಆಂಡ್ರೂ ಗುಡ್‌ಮನ್, ಅವನ ಜೊತೆಗಿದ್ದ ಜೇಮ್ಸ್ ಚೇನಿ ಮತ್ತು ಮೈಕೆಲ್ ಶ್ವರ್ನರ್ ಮಿಸಿಸಿಪ್ಪಿಯ ನೆಶೋಬಾ ಕೌಂಟಿಯಲ್ಲಿ ಕಾಣೆಯಾಗಿದ್ದರು. ಅವರು ಬದುಕಿರುವ ಭರವಸೆ ಇಲ್ಲವೆಂದು ಕಪ್ಪು ಜನರ ನಾಗರಿಕ ಹಕ್ಕು ಚಳವಳಿಯ ಬಾಬ್ ಮೋಸೆಸ್ ಮುಚ್ಚುಮರೆಯಿಲ್ಲದೆ ಹೇಳಿದರು. ಮನೆಗೆ ಹೋಗುವವರು ಹೋಗಬಹುದೆಂದೂ ಹೇಳಿದರು. ಹೋದವರು ಕೆಲವರಷ್ಟೇ.

ಹದಿಹರೆಯದವರಿಗೆ ನಾಯಕತ್ವದ ಶಿಬಿರ, ಬಹುತ್ವದ ಕಾರ್ಯಾಗಾರ, ಅವನ್ನು ನಡೆಸಲು ಕಾಲೇಜು ಹುಡುಗರು: ಇದೆಲ್ಲ ಈಗ ಎಲ್ಲೆಡೆ ಕಾಣುವ ಏರ್ಪಾಡು. ನಾಲ್ಕು ದಿನದ ಆಟೋಟ, ಒಂದು ಭಾಷಣ, ಕೊನೆಗೆ ಪ್ರಮಾಣಪತ್ರ. ಅವುಗಳಿಂದ ಕೆಡುಕೇನೂ ಇಲ್ಲ. ಆದರೆ ತನಗಿಂತ ನಾಲ್ಕೈದು ವರ್ಷ ಚಿಕ್ಕವರ ಮುಂದೆ ನಿಂತ ಕಾಲೇಜು ವಿದ್ಯಾರ್ಥಿಯೊಬ್ಬ ನಿಜವಾಗಿ ಏನು ಕೊಡಬಲ್ಲ ಎಂದು ತಿಳಿಯಬೇಕಾದರೆ ಮಿಸಿಸಿಪ್ಪಿಯ ಆ ಬೇಸಿಗೆಯನ್ನು ನೋಡಬೇಕು.

ಫ್ರೀಡಂ ಸ್ಕೂಲ್ ಎಂದು ಕರೆದ ಆ ಬೇಸಿಗೆ ಶಾಲೆಗಳ ಯೋಚನೆ ಹುಟ್ಟಿದ್ದು ಚಾರ್ಲಿ ಕಾಬ್ ಎಂಬ ಯುವಕನ ತಲೆಯಲ್ಲಿ. ಹೊವರ್ಡ್ ವಿಶ್ವವಿದ್ಯಾಲಯದ ಓದು ಬಿಟ್ಟು ವಿದ್ಯಾರ್ಥಿಗಳ ಅಹಿಂಸಾ ಸಂಘಟನೆ ‘ಸ್ನಿಕ್’ನ ಕೆಲಸಕ್ಕೆ ಬಂದಿದ್ದ ಆತನಿಗೆ ಆಗಿನ್ನೂ 20. ಮಿಸಿಸಿಪ್ಪಿಯ ಶಾಲೆಗಳು ಕಪ್ಪು ಮಕ್ಕಳಿಗೆ ಪ್ರಶ್ನೆ ಕೇಳದಿರುವುದನ್ನೇ ಕಲಿಸುತ್ತಿವೆ ಎಂದು ಆತ 1963ರ ಡಿಸೆಂಬರಿನಲ್ಲಿ ಬರೆದ. ಬಿಳಿಯ ಮಗುವಿನ ಓದಿಗೆ ರಾಜ್ಯ ವರ್ಷಕ್ಕೆ ಸುಮಾರು 81 ಡಾಲರ್ ಖರ್ಚು ಮಾಡಿದರೆ ಕಪ್ಪು ಮಗುವಿಗೆ ಸಿಗುತ್ತಿದ್ದುದು ಸುಮಾರು 21. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಕಪ್ಪು ವಯಸ್ಕರು ಶೇ 7ಕ್ಕಿಂತ ಕಡಿಮೆ. ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿರುವವರನ್ನು ಬೇಸಿಗೆ ರಜೆಯಲ್ಲಿ ಸೇರಿಸಿ ಓದಿಸಿದರೆ ನಾಳೆ ಚಳವಳಿಯನ್ನು ಅವರೇ ಮುನ್ನಡೆಸುತ್ತಾರೆ ಎಂಬುದು ಕಾಬ್‌ನ ಲೆಕ್ಕ.

ಒಂದು ಸಾವಿರ ಮಂದಿ ಬರಬಹುದೆಂದು ಅಂದಾಜಿಸಿದ್ದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಬಂದರು. 41 ಶಾಲೆಗಳು ನಡೆದವು. ಚರ್ಚಿನ ನೆಲಮಾಳಿಗೆ, ಯಾರದೋ ಮನೆಯ ಜಗಲಿ, ಮರದ ನೆರಳು, ಜಾಗ ಸಿಕ್ಕಲ್ಲೆಲ್ಲ ತರಗತಿ. ಪಾಠ ಹೇಳಲು ಬಂದವರಿಗೆ ಸಂಬಳವಿಲ್ಲ. ಸಾಲದ್ದಕ್ಕೆ ಬಂಧನವಾದರೆ ಜಾಮೀನಿಗೆಂದು ತಲಾ 500 ಡಾಲರ್ ಅವರೇ ತರಬೇಕಿತ್ತು.

ಆ ಶಾಲೆಗಳ ಪಠ್ಯವೇ ವಿಶೇಷವಾದದ್ದು. ಅದು ಹೆಚ್ಚಾಗಿ ಪ್ರಶ್ನೆಗಳಿಂದ ಕಟ್ಟಿದ ಪಠ್ಯ. ನಾವು ಇಲ್ಲಿಗೆ ಬಂದದ್ದು ಏಕೆ? ಬಿಳಿಯರ ಬಳಿ ಇರುವುದರಲ್ಲಿ ನಮಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು? ನಮ್ಮದೇ ಆಗಿರುವ ಯಾವುದನ್ನು ನಾವು ಉಳಿಸಿಕೊಳ್ಳಬೇಕು? ಬಹುತ್ವದ ಬಗ್ಗೆ ಇಷ್ಟು ನೇರವಾದ ಪ್ರಶ್ನೆಗಳನ್ನು 15 ವರ್ಷದವರ ಮುಂದಿಟ್ಟ ಪಠ್ಯಗಳು ಅಂದೂ ಅಪರೂಪ, ಇಂದೂ ಅಪರೂಪ. ಬಿಳಿಯರಂತಾಗುವುದೇ ಬಿಡುಗಡೆ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಇನ್ನೊಂದು ಕಡೆ, ಮಕ್ಕಳು ತಾವಾಗಿ ಕೇಳಿದ್ದನ್ನೂ ಶಾಲೆಗಳು ಕಲಿಸಿದವು. ಅನೇಕರು ಫ್ರೆಂಚ್ ಬೇಕೆಂದರು, ಟೈಪಿಂಗ್ ಬೇಕೆಂದರು. ತಮ್ಮ ಶಾಲೆಗಳು ಕೊಡದಿದ್ದುದು ಏನೆಂಬುದು ಆ ಮಕ್ಕಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಈ ಬಗೆಯ ಮೇಷ್ಟರಿಕೆಗೆ ಹಿಂದಿನ ಕಥೆಯೊಂದಿದೆ. 1960ರ ಏಪ್ರಿಲಿನಲ್ಲಿ ಸ್ನಿಕ್ ಹುಟ್ಟುವಾಗ ಅದನ್ನು ಹಿರಿಯರ ಸಂಘಟನೆಗಳ ಯುವ ಘಟಕ ಮಾಡಲು ಒತ್ತಾಯವಿತ್ತು. ವಿದ್ಯಾರ್ಥಿಗಳು ತಮ್ಮ ದಾರಿ ತಾವೇ ಹುಡುಕಿಕೊಳ್ಳಲಿ ಎಂದು ಪಟ್ಟು ಹಿಡಿದವರು 56ರ ಸಂಘಟಕಿ ಎಲ್ಲಾ ಬೇಕರ್. 1964ರಲ್ಲಿ ಸ್ನಿಕ್‌ನ ಅಧ್ಯಕ್ಷನಾಗಿದ್ದ ಜಾನ್ ಲೂಯಿಸ್ ನ್ಯಾಶ್‌ವಿಲ್‌ನಲ್ಲಿ ಓದುವಾಗ ಜೇಮ್ಸ್ ಲಾಸನ್ ಬಳಿ ಅಹಿಂಸೆಯ ಪಾಠ ಹೇಳಿಸಿಕೊಂಡವನು. ಆ ಲಾಸನ್ 1950ರ ದಶಕದಲ್ಲಿ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಮರಳಿದವರು. ಹೀಗೆ ಹಿರಿಯರು ಬಿಟ್ಟುಕೊಟ್ಟ ಜಾಗದಲ್ಲಿ ಬೆಳೆದ 20ರವರು ಆ ಬೇಸಿಗೆಯಲ್ಲಿ 15ರವರಿಗೆ ಜಾಗ ಬಿಟ್ಟುಕೊಡಲು ಹೊರಟಿದ್ದರು.

ಬಿಟ್ಟುಕೊಡುವುದು ಸುಲಭವಾಗಿರಲಿಲ್ಲ. ಹೊರಗಿನಿಂದ ಬಂದವರು ಚುರುಕಾಗಿ ಮಾತಾಡುತ್ತಿದ್ದರು, ಬೇಗ ಟೈಪ್ ಮಾಡುತ್ತಿದ್ದರು, ಸಭೆಯಲ್ಲಿ ಮೊದಲು ಬಾಯಿ ತೆರೆಯುತ್ತಿದ್ದರು. ವರ್ಷಗಟ್ಟಲೆ ಏಟು ತಿಂದು ಚಳವಳಿ ಕಟ್ಟಿದ ಸ್ಥಳೀಯರು ತಮ್ಮದೇ ಕಚೇರಿಯಲ್ಲಿ ಹಿಂದೆ ಸರಿಯುವಂತಾಯಿತು. ಹೀಗಾದೀತೆಂಬ ಭಯವನ್ನು ಸ್ನಿಕ್‌ನ ಕಪ್ಪು ಕಾರ್ಯಕರ್ತರು ಮೊದಲೇ ಆಡಿದ್ದರು. ಒಳ್ಳೆಯ ಮನಸ್ಸಿನಿಂದ ಬಂದವನೂ ಮತ್ತೊಬ್ಬರ ಮಾತನ್ನು ಕಸಿಯಬಲ್ಲ. ಬೇರೆ ಬೇರೆ ಬಣ್ಣದವರನ್ನು ಒಂದೇ ಕೋಣೆಯಲ್ಲಿ ಕೂಡಿಸಿದ ಮಾತ್ರಕ್ಕೆ ಸಮಾನತೆ ಬರುವುದಿಲ್ಲ ಎಂಬುದಕ್ಕೆ ಆ ಬೇಸಿಗೆಯೇ ಸಾಕ್ಷಿ. ಆ ತಿಕ್ಕಾಟ ಪೂರ್ತಿ ಬಗೆಹರಿಯಲೂ ಇಲ್ಲ. 1966ರ ಕೊನೆಗೆ ಸ್ನಿಕ್ ತನ್ನ ಬಿಳಿಯ ಸದಸ್ಯರನ್ನು ಹೊರಗಿಟ್ಟಿತು.

ಹಾಗಿದ್ದೂ ಜಾಗ ಬಿಟ್ಟುಕೊಟ್ಟ ಕಡೆಗಳಲ್ಲಿ ಆದದ್ದು ದೊಡ್ಡದು. ಮಕೋಂಬ್ ಊರಿನಲ್ಲಿ ಚಳವಳಿಯವರು ಇಳಿದುಕೊಂಡಿದ್ದ ಮನೆಗೆ ಜುಲೈನಲ್ಲಿ ಬಾಂಬ್ ಬಿತ್ತು. ಹೆದರಿದ ಚರ್ಚುಗಳು ಶಾಲೆಗೆ ಬಾಗಿಲು ತೆರೆಯಲಿಲ್ಲ, ತರಗತಿ ಬಯಲಿನಲ್ಲೇ ನಡೆಯಿತು. ಆಗ ಶಾಲೆಯ 16 ವರ್ಷದ ಹುಡುಗಿಯೊಬ್ಬಳು ಊರಿನ ಹಿರಿಯರ ಅಂಜಿಕೆಯನ್ನು ಕುರಿತು ಕವಿತೆ ಬರೆದಳು. ಅದು ಊರಲ್ಲಿ ಹರಿದಾಡಿದ ಮೇಲೆ ಚರ್ಚೊಂದು ಬಾಗಿಲು ತೆರೆಯಿತು. ಹೊರಗಿನ ವಿದ್ಯಾರ್ಥಿಗಳ ಯಾವ ಮನವಿಗೂ ಆಗದಿದ್ದುದು ಊರಿನದೇ ಮಗಳ ಮಾತಿಗೆ ಆಯಿತು. ಆ ಊರಿನ ಮಕ್ಕಳಿಗೆ ಪಾಠ ಹೇಳಿದ ಮಾರಿಯೊ ಸಾವಿಯೊ ಶರತ್ಕಾಲಕ್ಕೆ ಬರ್ಕ್ಲಿಯ ತನ್ನ ವಿಶ್ವವಿದ್ಯಾಲಯಕ್ಕೆ ಮರಳಿ ವಿದ್ಯಾರ್ಥಿಗಳ ವಾಕ್ ಸ್ವಾತಂತ್ರ್ಯ ಚಳವಳಿಯ ಮುಂಚೂಣಿಯಲ್ಲಿ ನಿಂತ.

ಆಗಸ್ಟ್ 4ರಂದು ಮಣ್ಣಿನ ಅಣೆಕಟ್ಟೆಯೊಂದರ ಅಡಿಯಲ್ಲಿ, ಜೂನ್‌ನಲ್ಲಿ ಕಾಣೆಯಾಗಿದ್ದ ಮೂವರ ಶವಗಳು ಸಿಕ್ಕವು. ಎರಡು ದಿನಗಳ ಮೇಲೆ, ಚೇನಿಯ ಹುಟ್ಟೂರಾದ ಮೆರಿಡಿಯನ್‌ನಲ್ಲಿ, ಫ್ರೀಡಂ ಸ್ಕೂಲ್‌ಗಳ ಪ್ರತಿನಿಧಿಗಳ ಸಮಾವೇಶ ಕೂಡಿತು. ಮರುದಿನ ಅದೇ ಊರಿನಲ್ಲಿ ಚೇನಿಯ ಅಂತ್ಯಕ್ರಿಯೆ. ಸಮಾವೇಶ ನಿಲ್ಲಲಿಲ್ಲ. ಶಾಲೆ, ವಸತಿ, ಆರೋಗ್ಯ, ಉದ್ಯೋಗ, ಮತದಾನ, ಕೊನೆಗೆ ದೇಶದ ವಿದೇಶ ನೀತಿಯ ಮೇಲೂ ಹದಿಹರೆಯದವರು ವಾದಿಸಿ ಗೊತ್ತುವಳಿಗಳನ್ನು ಬರೆದರು.

ಆಗಸ್ಟ್ 14ರಂದು ಹ್ಯಾಟೀಸ್‌ಬರ್ಗ್‌ನಲ್ಲಿ ಫ್ರೀಡಂ ಸ್ಕೂಲಿನ ಆರು ವಿದ್ಯಾರ್ಥಿಗಳು ನ್ಯೂಯಾರ್ಕಿನಿಂದ ಬಂದಿದ್ದ ಶಿಕ್ಷಕಿ ಸ್ಯಾಂಡ್ರಾ ಅಡಿಕ್ಸ್ ಜೊತೆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಸದಸ್ಯತ್ವ ಕೇಳಿದರು. ಸದಸ್ಯತ್ವ ಕೊಡಲಿಲ್ಲ, ಗ್ರಂಥಾಲಯವನ್ನೇ ಮುಚ್ಚಿದರು. ಅಲ್ಲಿಂದ ಊಟಕ್ಕೆಂದು ಕ್ರೆಸ್ ಅಂಗಡಿಗೆ ಹೋದಾಗ ಮಕ್ಕಳಿಗೆ ತಿಂಡಿ ಕೊಡಲು ಒಪ್ಪಿದರು, ಅವರ ಜೊತೆ ಕುಳಿತ ಬಿಳಿಯ ಶಿಕ್ಷಕಿಗೆ ಕೊಡಲಿಲ್ಲ. ಎಲ್ಲರೂ ಏನೂ ತಿನ್ನದೆ ಎದ್ದು ಬಂದರು. ಹೊರಗೆ ಬಂದ ಅಡಿಕ್ಸ್ ಅವರನ್ನು ಪೊಲೀಸರು ಬಂಧಿಸಿದರು.

ರಜೆ ಮುಗಿದು ಹೆಚ್ಚಿನ ಕಾಲೇಜು ವಿದ್ಯಾರ್ಥಿಗಳು ಊರಿಗೆ ಹೊರಟರು. ಸೆಪ್ಟೆಂಬರಿನಲ್ಲಿ, ಆ ಮೂವರ ಕೊಲೆ ನಡೆದ ನೆಶೋಬಾ ಕೌಂಟಿಯಲ್ಲೇ ಇರುವ ಫಿಲಡೆಲ್ಫಿಯಾ ಎಂಬ ಊರಿನ ಕಪ್ಪು ಹೈಸ್ಕೂಲಿನ ಮಕ್ಕಳು ‘ಒಬ್ಬರಿಗೆ ಒಂದು ಮತ’ ಎಂಬ ಬಿಲ್ಲೆ ಧರಿಸಿ ತರಗತಿಗೆ ಬಂದರು. ಶಾಲೆ ಅವರನ್ನು ಹೊರಗೆ ಕಳಿಸಿತು. ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದರು. ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿಯಾಗದಿದ್ದರೆ ಇಂಥ ಬಿಲ್ಲೆಯನ್ನು ನಿಷೇಧಿಸುವಂತಿಲ್ಲ ಎಂದು 1966ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಮಕ್ಕಳ ಪರ ತೀರ್ಪಿತ್ತಿತು. ಮೂರು ವರ್ಷಗಳ ಮೇಲೆ, ವಿಯೆಟ್ನಾಂ ಯುದ್ಧದ ವಿರುದ್ಧ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದ ಅಯೋವಾ ರಾಜ್ಯದ ಶಾಲಾ ಮಕ್ಕಳ ಟಿಂಕರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದೇ ಅಳತೆಗೋಲನ್ನು ಎತ್ತಿಕೊಂಡಿತು. ಅಲ್ಲಿನ ಶಾಲೆಗಳಲ್ಲಿ ವಿದ್ಯಾರ್ಥಿಗಳ ಮಾತಿನ ಹಕ್ಕಿನ ಪ್ರಶ್ನೆ ಎದ್ದಾಗಲೆಲ್ಲ ನ್ಯಾಯಾಲಯಗಳು ಇಂದಿಗೂ ಟಿಂಕರ್ ತೀರ್ಪಿಗೆ ಮರಳುತ್ತವೆ.