ಓಡೋಕೆ ಲಕ್ಷ, ನಿಲ್ಲೋಕೆ ಲೆಕ್ಕ

ಹಳೆ ಕಾರಿನ ಹುಚ್ಚು ಇರುವವರನ್ನು ಆಡಿಕೊಳ್ಳುವವನು ನಾನಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಕೋಥರೂಡಿನ ಒಳರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ ಕವರ್ ತೆಗೆದು ತೊಳೆಸಿಕೊಳ್ಳುತ್ತಿರುವ ಪದ್ಮಿನಿಯೋ ಕಾಂಟೆಸ್ಸಾವೋ ಕಣ್ಣಿಗೆ ಬೀಳುತ್ತದೆ, ನೋಡಿದರೆ ಸಂತೋಷವೇ ಆಗುತ್ತದೆ. ನನ್ನ ತಕರಾರು ಬೇರೆ. ಇವರು ದುಡ್ಡು ಸುರಿಯುವ ಕ್ರಮವೇ ತಲೆಕೆಳಗಾಗಿದೆ. ಮೊದಲು ಪೇಂಟು, ಆಮೇಲೆ ಅಲಾಯ್ ಗಾಲಿ, ಆಮೇಲೆ ಸೀಟು, ಮ್ಯೂಸಿಕ್ಕು, ಆಮೇಲೆ ಎಂಜಿನ್ನು. ಬ್ರೇಕಿನ ಸರದಿ ಬರುವ ಹೊತ್ತಿಗೆ ಜೇಬು ಖಾಲಿ, "ಸದ್ಯಕ್ಕೆ ನಡೀತದ ಬಿಡ್ರಿ" ಅನ್ನುವ ಮಾತು!

ಈ ರೋಗ ನಮ್ಮದೊಂದೇ ಅಲ್ಲ. ಅಮೆರಿಕದವರು ಮಸಲ್ ಕಾರ್ ಅಂತ ಹೆಮ್ಮೆಯಿಂದ ಕರೆಯುವ ಗಾಡಿಗಳ ಕಾಲ ನೆನಪಿಸಿಕೊಳ್ಳಿ. 1964ರಲ್ಲಿ ಫೋರ್ಡ್ ಮಸ್ಟಾಂಗ್ ಬಂದಾಗ ದೊಡ್ಡ ವಿ-8 ಎಂಜಿನ್ ಸಿಗುತ್ತಿತ್ತು, ಆದರೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಮುಂದಿನ ಡಿಸ್ಕ್ ಬ್ರೇಕು 1965ರ ಮಾದರಿಯಲ್ಲಿ ಬಂತು, ಅದೂ ಹೆಚ್ಚಿಗೆ ದುಡ್ಡು ಕೊಟ್ಟವರಿಗೆ ಮಾತ್ರ. ಡಿಸ್ಕ್ ಅನ್ನುವುದು ಆಗ ಹೊಸದೇನಲ್ಲ. 1953ರಲ್ಲೇ ಜಾಗ್ವಾರ್ ಸಿ-ಟೈಪ್ ಕಾರು ಡನ್‌ಲಪ್ ಡಿಸ್ಕ್ ಹಾಕಿಕೊಂಡು ಲ ಮಾನ್ಸ್ 24 ಗಂಟೆಯ ಓಟ ಗೆದ್ದಿತ್ತು. 1955ರ ಸಿತ್ರೋಎನ್ ಡಿಎಸ್ ಮನೆ ಕಾರಿನಲ್ಲೇ ಮುಂದೆ ಡಿಸ್ಕ್ ಕೊಟ್ಟಿತ್ತು. ಅಂದರೆ ನಿಲ್ಲಿಸುವ ವಿದ್ಯೆ ಗೊತ್ತಿತ್ತು, ಆದರೆ ಮಾರಾಟವಾಗುತ್ತಿದ್ದದ್ದು ಓಡುವ ವಿದ್ಯೆ.

ನಮ್ಮಲ್ಲಿ ಮಸಲ್ ಕಾರ್ ಅನ್ನುವ ಬಿರುದು ಕಾಂಟೆಸ್ಸಾಕ್ಕೆ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಹಳೆ ಕಾರಿನ ಅಚ್ಚು ತಂದು ಹಿಂದುಸ್ತಾನ್ ಮೋಟರ್ಸ್‌ನವರು 1984ರಲ್ಲಿ ಬಿಟ್ಟರು. ಉದ್ದ ಬಾನೆಟ್ಟು, ಅಗಲ ಮೈ, ಗತ್ತು ಎಲ್ಲ ಇತ್ತು, ಒಳಗಿದ್ದದ್ದು ಮಾತ್ರ ಅಂಬಾಸಡರಿನ 1.5 ಲೀಟರ್ ಎಂಜಿನ್! ಪೈಲ್ವಾನನ ಮೈಗೆ ಗುಬ್ಬಿಯ ಎದೆ. ಆಮೇಲೆ ಇಸುಝು 1.8 ಬಂದ ಮೇಲೆ ಗಾಡಿಗೆ ಜೀವ ಬಂತು. 2002ರ ಹೊತ್ತಿಗೆ ತಯಾರಿಕೆ ನಿಂತಿತು.

ಧಾರವಾಡದ ಕಡೆಯ ಮಿತ್ರರೊಬ್ಬರ ಹತ್ತಿರ ಇಂಥದೊಂದು ಇಸುಝು ಕಾಂಟೆಸ್ಸಾ ಇದೆ. ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಈ ಎಂಜಿನ್ ತೆಗೆದು ಇನ್ನೂ ದೊಡ್ಡದೊಂದು ಕೂರಿಸುವ ಯೋಚನೆ ಅವರದು, ಮಗ ಹಠ ಹಿಡಿದಿದ್ದಾನಂತೆ. ಬ್ರೇಕಿನ ಗತಿ ಏನ್ರಿ ಅಂತ ಕೇಳಿದರೆ, "ಅಲ್ರೀ ಸರ, ಮೊದ್ಲ ಓಡಲಿ, ನಿಲ್ಲೋ ಮಾತು ಆಮ್ಯಾಲೆ" ಅಂದರು. ಅವರ ಮೆಕ್ಯಾನಿಕ್ ಅಂತೂ ಇನ್ನೂ ಸಲೀಸು: "ಸಾಹೇಬ, ಮೋಠಾ ಡಿಸ್ಕ್ ಟಾಕೂಯಾ, ಕಾಮ್ ಝಾಲ." ದೊಡ್ಡ ಡಿಸ್ಕ್ ಹಾಕೋಣ, ಕೆಲಸ ಮುಗೀತು ಅಂತ. ಈ ಎರಡೂ ಮಾತು ನನಗೆ ಒಪ್ಪಿಗೆ ಇಲ್ಲ.

ನಾನು ಬಿಕಾಂ ಓದಿದವನು, ಇಂಜಿನಿಯರ್ ಅಲ್ಲ. ಆದರೆ ಇದು ಶಾಲೆಯ ಲೆಕ್ಕ. ವೇಗ ಗಂಟೆಗೆ 60ರಿಂದ 80 ಕಿಲೋಮೀಟರ್‌ಗೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಮುಕ್ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಏರುತ್ತದೆ, ಯಾಕೆಂದರೆ ಅದು ವೇಗದ ವರ್ಗದ ಲೆಕ್ಕ. ಇನ್ನು ಘಾಟ್ ಇಳಿಯುವ ಲೆಕ್ಕ ನೋಡಿ. ಜನ, ಸಾಮಾನು ಸೇರಿ 1200 ಕೆಜಿ ತೂಗುವ ಕಾರು ನೂರು ಮೀಟರ್ ಎತ್ತರ ಇಳಿದರೆ, 80ರ ವೇಗದಿಂದ ಪೂರಾ ನಿಲ್ಲಿಸಿದಾಗ ಹುಟ್ಟುವ ಬಿಸಿಯ ನಾಲ್ಕು ಪಟ್ಟು ಲೆಕ್ಕಕ್ಕೆ ಬರುತ್ತದೆ. ಗೇರಿನಲ್ಲಿ ತಡೆಯದೆ ಬರೀ ಬ್ರೇಕಿನ ಮೇಲೆ ಇಳಿದರೆ ಈ ಬಿಸಿಯಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಗಾಲಿಗೆ ಹೋಗುತ್ತದೆ.

ಊರಿಗೆ ಹೋಗಿ ಬರುವ ನಮ್ಮಂಥವರಿಗೆ ಇದು ಪುಸ್ತಕದ ಮಾತಲ್ಲ. ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆಗೆ ಬರುವಾಗ ಖಂಬಾಟಕಿಯ ಹಳೆ ಸುರಂಗದ ಆಚೆಯ ಎಸ್ ಆಕಾರದ ತಿರುವು ಎಷ್ಟು ಜನರನ್ನು ನುಂಗಿದೆ ಅಂತ ಆ ದಾರಿಯವರಿಗೆಲ್ಲ ಗೊತ್ತು. ಅದನ್ನು ದಾಟಿ, ಮನೆ ಬಂತು ಅಂತ ಉಸಿರು ಬಿಡುವಾಗ ಕಾತ್ರಜದ ಹೊಸ ಸುರಂಗದಿಂದ ನವಲೆ ಪೂಲಿನವರೆಗೆ ಇಳಿಜಾರು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದು ಟ್ರಕ್ಕು ಹಿಡಿತ ತಪ್ಪಿ ನಲವತ್ತಕ್ಕೂ ಹೆಚ್ಚು ಗಾಡಿಗಳು ಜಖಂ ಆದವು. ಡೀಸೆಲ್ ಉಳಿಸಲು ಡ್ರೈವರ್ ಎಂಜಿನ್ ಬಂದ್ ಮಾಡಿ ಇಳಿಯುತ್ತಿದ್ದ ಅನ್ನುವುದು ಆಗ ತನಿಖೆಯವರ ಮೊದಲ ಅಂದಾಜು. 2025ರ ನವೆಂಬರ್‌ನಲ್ಲಿ ಅದೇ ಜಾಗದಲ್ಲಿ ಇನ್ನೊಂದು ಭಾರೀ ಗಾಡಿ ನುಗ್ಗಿ ಬೆಂಕಿ ಹತ್ತಿ ಜೀವಗಳೇ ಹೋದವು. ಕಾರಿನವರೂ ಒಂದು ಮಾತು ತಿಳಿದಿರಬೇಕು. ಎಂಜಿನ್ ಆರಿಸಿದರೆ ಬ್ರೇಕಿಗೆ ಕೈಗೂಡಿಸುವ ವ್ಯಾಕ್ಯೂಮ್ ಬೂಸ್ಟರ್ ಒಂದೆರಡು ಸಲ ಒತ್ತುವಷ್ಟಕ್ಕೆ ಬರುತ್ತದೆ. ಆಮೇಲೆ ನಿಮ್ಮ ಕಾಲಿನ ಬಲವೇ ಗತಿ.

ಈಗ ದೊಡ್ಡ ಡಿಸ್ಕಿನ ಮಾತಿಗೆ ಬರೋಣ. ಡಿಸ್ಕ್ ದೊಡ್ಡದಾದ ಮಾತ್ರಕ್ಕೆ ಕಾರು ಬೇಗ ನಿಲ್ಲುವುದಿಲ್ಲ. ಹಳೆ ಬ್ರೇಕೇ ಗಾಲಿಯನ್ನು ಲಾಕ್ ಮಾಡುವಷ್ಟು ಗಟ್ಟಿ ಇದ್ದರೆ, ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದನ್ನು ನಿರ್ಧರಿಸುವುದು ಟೈರು ಮತ್ತು ರಸ್ತೆಯ ಹಿಡಿತ. ಹತ್ತು ವರ್ಷದ ಗಟ್ಟಿಯಾದ ಟೈರು ಇಟ್ಟುಕೊಂಡು ಹೊಸ ಡಿಸ್ಕ್ ಹಾಕುವುದು ಹರಿದ ಚೀಲಕ್ಕೆ ಬೆಳ್ಳಿ ಬೀಗ ಹಾಕಿದ ಹಾಗೆ. ದೊಡ್ಡ ಡಿಸ್ಕಿನ, ಅದರಲ್ಲೂ ನಡುವೆ ಗಾಳಿ ಹೋಗುವ ಜಾಗ ಇರುವ ಡಿಸ್ಕಿನ ನಿಜವಾದ ಉಪಯೋಗ ಬಿಸಿ ತಡೆಯುವುದರಲ್ಲಿ. ಮೊದಲ ಸಲ ಹಿಡಿದ ಹಾಗೆಯೇ ಹತ್ತನೇ ಸಲವೂ ಹಿಡಿಯಬೇಕು. ಅಂದರೆ ಸಂತೆಗೆ ಹೋಗಿ ಬರುವವರಿಗೆ ಅದು ಬೇಕಾಗಿಲ್ಲ, ಘಾಟ್ ಇಳಿಯುವವರಿಗೆ, ದೊಡ್ಡ ಎಂಜಿನ್ ಹಾಕುವವರಿಗೆ ಖಂಡಿತ ಬೇಕು.

ಆದ್ದರಿಂದ ನನ್ನ ಪ್ರಕಾರ ಮೊದಲ ಅಪ್‌ಗ್ರೇಡ್ ಅಂದರೆ ಇರುವುದನ್ನೇ ಹೊಸದರ ಮಟ್ಟಕ್ಕೆ ತರುವುದು. ಕ್ಯಾಲಿಪರ್ ಬಿಚ್ಚಿ ಪಿಸ್ಟನ್ನಿನ ತುಕ್ಕು ನೋಡಿ, ಸೀಲು ಹೊಸದು ಹಾಕಿಸುವುದು. ರಬ್ಬರ್ ಹೋಸು ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಬ್ರೇಕ್ ಒತ್ತಿದರೆ ಹಿಡಿಯುತ್ತದೆ, ಬಿಟ್ಟರೆ ಬೇಗ ಬಿಡುವುದಿಲ್ಲ, ಕಾರು ಒಂದು ಕಡೆಗೆ ಎಳೆಯುತ್ತದೆ. ಇನ್ನು ಬ್ರೇಕ್ ಆಯಿಲ್. ಇದು ನಮ್ಮ ಜನ ಪೂರಾ ಮರೆತ ವಸ್ತು. ಅದು ಗಾಳಿಯಲ್ಲಿನ ನೀರಿನಂಶ ಹೀರಿಕೊಳ್ಳುತ್ತದೆ. ಡಾಟ್-3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಅನ್ನುವುದು ನಿಯಮ, ನೀರು ಸೇರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್-4 ಆದರೆ 230, 155. ಕುದಿದರೆ ಗುಳ್ಳೆ, ಗುಳ್ಳೆಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಅಷ್ಟೇ. ಪುಣೆಯ ನಾಲ್ಕು ತಿಂಗಳ ಮಳೆಯಲ್ಲಿ ನಿಲ್ಲುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ದುಬಾರಿಯೇನಲ್ಲ. ಒಂದು ಹೋಟೆಲ್ ಊಟದ ಖರ್ಚು.

ಇದಾದ ಮೇಲೂ ದೊಡ್ಡದು ಬೇಕೆಂದರೆ ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಬ್ರೇಕು ಅನ್ನುವುದು ಒಂದು ಸಾಮಾನಲ್ಲ, ಒಂದು ಕೂಡುಕುಟುಂಬ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಅದಕ್ಕೆ ಆಯಿಲ್ ಜಾಸ್ತಿ ಬೇಕು. ಹಳೆ ಮಾಸ್ಟರ್ ಸಿಲಿಂಡರ್ ಅಷ್ಟು ತಳ್ಳದಿದ್ದರೆ ಪೆಡಲ್ ಕೆಳಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರ್ ದೊಡ್ಡದು ಮಾಡಿದರೆ ಕಾಲಿನ ಒತ್ತಡ ಜಾಸ್ತಿ ಬೇಕು, ಆಗ ಬೂಸ್ಟರ್ ನೋಡಬೇಕು. ಮುಂದಿನದು ಗಟ್ಟಿಯಾದ ಮೇಲೆ ಹಿಂದಿನದಕ್ಕೂ ಅದಕ್ಕೂ ಹೊಂದಾಣಿಕೆ ಬೇಕು. ಮುಂದಿನ ಗಾಲಿ ಲಾಕ್ ಆದರೆ ಸ್ಟೀಯರಿಂಗ್ ಕೇಳುವುದಿಲ್ಲ, ಹಿಂದಿನದು ಮೊದಲು ಲಾಕ್ ಆದರೆ ಗಾಡಿ ಗಿರಕಿ ಹೊಡೆಯುತ್ತದೆ, ಇದು ಇನ್ನೂ ಕೆಟ್ಟದ್ದು. ಎಬಿಎಸ್ ಇಲ್ಲದ ಕಾರಿನಲ್ಲಿ ಇದನ್ನು ಸರಿದೂಗಿಸುವವರು ಯಾರೂ ಇಲ್ಲ. ಪದ್ಮಿನಿಯಂಥ ನಾಲ್ಕೂ ಡ್ರಮ್ಮಿನ ಗಾಡಿಗೆ ಮುಂದೆ ಡಿಸ್ಕ್ ಹಾಕುವವರಂತೂ ಇನ್ನಷ್ಟು ಹುಷಾರಾಗಿರಬೇಕು. ಡ್ರಮ್ಮಿನ ಶೂ ತಿರುಗುವ ಡ್ರಮ್ಮಿನ ಬಲದಿಂದಲೇ ಸ್ವಲ್ಪ ಬಿಗಿಯಾಗುತ್ತದೆ, ಡಿಸ್ಕಿಗೆ ಆ ಸೌಲಭ್ಯ ಇಲ್ಲ. ಬೂಸ್ಟರ್ ಇಲ್ಲದೆ ಡಿಸ್ಕ್ ಮಾತ್ರ ಹಾಕಿದವರು "ಮೊದಲಿನದೇ ಚೆನ್ನಾಗಿತ್ತು" ಅನ್ನುವುದು ಇದಕ್ಕೇ.

ನನಗೆ ನಿಜವಾಗಿ ಸಿಟ್ಟು ಬರುವುದು ಎರಡು ಕೆಲಸಕ್ಕೆ. ಒಂದು, ಬೇರೆ ಕಾರಿನ ಕ್ಯಾಲಿಪರ್ ತಂದು ಅದರ ಬ್ರಾಕೆಟನ್ನು ವೆಲ್ಡಿಂಗ್ ಮಾಡಿ ಕೂರಿಸುವುದು. ಜೂನಾ ಬಜಾರಿನಲ್ಲಿ ಬುಧವಾರ, ಭಾನುವಾರ ಬೇಕಾದ್ದು ಸಿಗುತ್ತದೆ ನಿಜ, ಅಲ್ಲಿಂದ ದೀಪ ತನ್ನಿ, ಬಾಗಿಲ ಹಿಡಿಕೆ ತನ್ನಿ. ಬ್ರೇಕಿನ ಸಾಮಾನು ನಾನಾ ಪೇಠೆಯಲ್ಲಿ ಬಿಲ್ ಹಾಕಿಸಿ ಹೊಸದೇ ತನ್ನಿ. ಎರಡು, ರೇಸ್ ಕಾರಿನ ಹಾಗೆ ಕಾಣಲಿ ಅಂತ ಮಾಮೂಲಿ ಡಿಸ್ಕಿಗೆ ತೂತು ಕೊರೆಸುವುದು. ಬಿಸಿಯಾಗಿ ಆರಿ, ಮತ್ತೆ ಬಿಸಿಯಾಗಿ ಆರಿ, ಆ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಕ್ಯಾಲಿಪರಿಗೆ ಕೆಂಪು ಬಣ್ಣ ಬೇಕಾದರೆ ಬಳಿಯಿರಿ, ಅದರಿಂದ ಯಾರಿಗೂ ತೊಂದರೆ ಇಲ್ಲ!

ತಮಾಷೆ ಅಂದರೆ, ದೇಶದ ಗಾಡಿಗಳ ಬ್ರೇಕನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಲ್ಲಿ ಮುಖ್ಯವಾದ ಎಆರ್‌ಎಐ 1966ರಲ್ಲಿ ಹುಟ್ಟಿದ್ದು, ಅದು ಇರುವುದು ನಮ್ಮ ಕೋಥರೂಡಿನ ತಲೆಯ ಮೇಲೆಯೇ, ವೇತಾಳ ಟೇಕಡಿಯಲ್ಲಿ. ವಾಕಿಂಗ್ ಹೋಗುವವರಿಗೆ ಆ ಗುಡ್ಡದ ಹೆಸರೇ ಎಆರ್‌ಎಐ ಟೇಕಡಿ. ಕಂಪನಿಗಳು ತಮ್ಮ ಮಾದರಿಯನ್ನು ಅಲ್ಲಿ ಪಾಸು ಮಾಡಿಸಿಕೊಳ್ಳಬೇಕು. ಗುಡ್ಡದ ಕೆಳಗಿನ ಗ್ಯಾರೇಜಿನಲ್ಲಿ ಬದಲಾದ ಬ್ರೇಕನ್ನು ಪಾಸು ಮಾಡುವವರು ಯಾರು? ಮೆಕ್ಯಾನಿಕ್ಕೇ ಓಡಿಸಿ ನೋಡಿ "ಫಸ್ಟ್ ಕ್ಲಾಸ್" ಅಂದರೆ ಆಯಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಬದಲಾಯಿಸುವುದಕ್ಕೆ ಕಡಿವಾಣ ಹಾಕುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಕೂಡದು ಅಂದಿದೆ. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ನಂಬರ್ ಬದಲಾಗಬೇಕು, ಆದ್ದರಿಂದ ಎಲ್ಲರೂ ಅದರ ಚಿಂತೆ ಮಾಡುತ್ತಾರೆ. ಬ್ರೇಕಿಗೆ ಆರ್‌ಸಿಯಲ್ಲಿ ಕಾಲಮ್ಮೇ ಇಲ್ಲ, ಆದ್ದರಿಂದ ಯಾರೂ ಕೇಳುವುದಿಲ್ಲ. ಕೇಳುವ ದಿನ ಬರುವುದು ಅಪಘಾತವಾದ ಮೇಲೆ, ವಿಮೆಯ ಸರ್ವೇಯರ್ ಗಾಡಿಯ ಕೆಳಗೆ ಬಗ್ಗಿದಾಗ. ಬದಲಾಯಿಸುವ ಮುಂಚೆಯೇ ವಿಮೆಯವರಿಗೆ ಒಂದು ಪತ್ರ ಬರೆದು, ಉತ್ತರ ಲಿಖಿತದಲ್ಲಿ ಪಡೆದಿಟ್ಟುಕೊಳ್ಳಿ. ಬಾಯಿಮಾತಿನ "ಓಕೆ ಸರ್" ಫೈಲಿನಲ್ಲಿ ಉಳಿಯುವುದಿಲ್ಲ.

ಕೊನೆಗೆ ಒಂದು ಮಾತು, ಬಿಚ್ಚಿದ ಹಳೆ ಡಿಸ್ಕು, ಕ್ಯಾಲಿಪರುಗಳನ್ನು ಗುಜರಿಗೆ ಹಾಕಬೇಡಿ. 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಮೊದಲ ಕಾಂಟೆಸ್ಸಾಗಳಿಗೆ 2034ರಲ್ಲಿ ಐವತ್ತು ತುಂಬುತ್ತದೆ. ಗ್ರೀಸ್ ಹಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಯಾವ ಗಾಲಿಯದು ಅಂತ ಚೀಟಿ ಕಟ್ಟಿ ಅಟ್ಟದ ಮೇಲೆ ಇಡಿ.