ಹಳದಿ ದೀಪ ಹೇಳುವುದೇನು?

ಶಿರಾ ತಾಲ್ಲೂಕಿನ ತಾವರೆಕೆರೆಯಿಂದ ಓದುಗರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಮನೆಯಲ್ಲಿ ಇರುವುದು ಒಂದೇ ಮೋಟಾರ್ ಸೈಕಲ್ಲು. ಮುಂಜಾನೆ ಡೈರಿಗೆ ಹಾಲು ಸಾಗಿಸುವುದಕ್ಕೂ ಅದೇ, ಆ ಬಳಿಕ ಮಗ ಹೆದ್ದಾರಿಯ ಮೇಲೆ ಶಿರಾಕ್ಕೆ ಕೆಲಸಕ್ಕೆ ಹೋಗಿಬರುವುದಕ್ಕೂ ಅದೇ. 2021ರಲ್ಲಿ ಸಾಲದ ಮೇಲೆ ಕೊಂಡ ಗಾಡಿ. ನಾಲ್ಕು ತಿಂಗಳಿಂದ ಅದರ ಮೀಟರಿನಲ್ಲಿ ಎಂಜಿನ್ನಿನ ಚಿತ್ರವುಳ್ಳ ಹಳದಿ ದೀಪ ಹೊತ್ತಿಕೊಳ್ಳುತ್ತಿದೆ. ಮೊದಲು ಎಂಜಿನ್ನಿನ ತಾಪದ ಸೆನ್ಸರನ್ನು ಬದಲಾಯಿಸಿದರು. ಹತ್ತು ದಿನ ದೀಪ ಸುಮ್ಮನಿದ್ದು ಮತ್ತೆ ಹೊತ್ತಿತು. ಅನಂತರ ಥ್ರಾಟಲ್ ಸೆನ್ಸರನ್ನು ಬದಲಾಯಿಸಿದರು. ಮತ್ತೆ ಹಾಗೆಯೇ ಆಯಿತು. ಈಗ ಗಾಡಿಯ ‘ಮೆದುಳೇ ಹೋಗಿದೆ’, ಇ.ಸಿ.ಎಂ. ಹಾಕಿಸಬೇಕು ಎಂದು ಹೇಳಿದ್ದಾರಂತೆ. ಆ ವೆಚ್ಚವನ್ನು ಕೇಳಿ ಮನೆಯ ಯಜಮಾನರಿಗೆ ದಿಗಿಲಾಗಿದೆ. ಹಾಕಿಸಬೇಕೇ, ಬೇಡವೇ ಎಂಬುದು ಅವರ ಪ್ರಶ್ನೆ.

ಪತ್ರದೊಡನೆ ಗ್ಯಾರೇಜಿನ ಎರಡು ಚೀಟಿಗಳನ್ನೂ ಅವರು ಲಗತ್ತಿಸಿರುವುದು ಬಹಳ ಉಪಕಾರವಾಯಿತು. ಒಂದರಲ್ಲಿ ಪಿ0118 ಎಂದೂ, ಇನ್ನೊಂದರಲ್ಲಿ ಪಿ0123 ಎಂದೂ ಬರೆದಿದೆ. ಈ ಎರಡು ಸಂಖ್ಯೆಗಳಲ್ಲಿ ಉತ್ತರದ ಬಹುಭಾಗ ಅಡಗಿದೆ. ಆದರೆ ಅದನ್ನು ಬಿಡಿಸುವ ಮುನ್ನ ಈ ದೀಪ ಎಲ್ಲಿಂದ ಬಂದಿತು, ಅದರ ಅಧಿಕಾರ ಎಷ್ಟು ಎಂಬುದನ್ನು ತಿಳಿಯಬೇಕು.

ನಮ್ಮ ಹಿರಿಯರ ಕಾಲದ ಗಾಡಿಗಳಲ್ಲಿ ಇಂಥ ದೀಪವೇ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದವರು ಕಿವಿಯಿಂದ ಶಬ್ದವನ್ನೂ, ಮೂಗಿನಿಂದ ಹೊಗೆಯನ್ನೂ ಪರೀಕ್ಷಿಸುತ್ತಿದ್ದರು. ಪ್ಲಗ್ಗಿನ ತುದಿ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು. ಕಾರ್ಬುರೇಟರಿನ ಒಂದು ಸ್ಕ್ರೂ ತಿರುಗಿಸಿದರೆ ಅರ್ಧ ಕೆಲಸ ಮುಗಿಯಿತು. ನಮ್ಮ ದೇಶದ ಸಾಮಾನ್ಯ ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂದದ್ದು 2006ರಲ್ಲಿ, ಹೀರೊ ಹೋಂಡಾ ಗ್ಲಾಮರ್ ಗಾಡಿಯ ಮೂಲಕ. ಆಗ ಅದನ್ನು ಕೊಂಡವರು ಕಡಮೆ. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಮಾತ್ರ ಹಳ್ಳಿಯ ಹಾಲಿನ ಗಾಡಿಯೂ ಬಹುಮಟ್ಟಿಗೆ ಇಂಜೆಕ್ಷನ್ ಗಾಡಿಯಾಯಿತು. ಅದರ ಜೊತೆಯಲ್ಲಿಯೇ, ಹೊಗೆಗೆ ಸಂಬಂಧಿಸಿದ ಭಾಗಗಳಲ್ಲಿ ದೋಷ ಕಂಡರೆ ಸವಾರನಿಗೆ ತಿಳಿಸುವ ಏರ್ಪಾಡು ಕಡ್ಡಾಯವಾಯಿತು. ಆ ಏರ್ಪಾಡೇ ಹಳದಿ ದೀಪ.

ಇಲ್ಲಿ ಒಂದು ಸೂಕ್ಷ್ಮವಿದೆ. 2020ರಲ್ಲಿ ದ್ವಿಚಕ್ರ ವಾಹನಗಳಿಗೆ ವಿಧಿಸಿದ್ದು ಈ ಏರ್ಪಾಡಿನ ಮೊದಲನೆಯ ಹಂತ. ಅದು ಮುಖ್ಯವಾಗಿ ವಿದ್ಯುತ್ತಿನ ಸರ್ಕ್ಯೂಟ್ ಅಖಂಡವಾಗಿದೆಯೇ, ತುಂಡಾಗಿದೆಯೇ ಎಂಬುದನ್ನು ನೋಡುತ್ತದೆ. ಎರಡನೆಯ ಹಂತದ ಇನ್ನೂ ಸೂಕ್ಷ್ಮವಾದ ತಪಾಸಣೆಗಳು 2023ರಿಂದ ಒಂದೊಂದಾಗಿ ಬಂದವು. ಆದುದರಿಂದ 2021ರ ಗಾಡಿಯ ದೀಪ ಹೊತ್ತಿದಾಗ ಅದು ‘ಸೆನ್ಸರ್ ಕೆಟ್ಟಿದೆ’ ಎಂದು ಹೇಳುತ್ತಿಲ್ಲ. ‘ಈ ಸೆನ್ಸರಿನ ದಾರಿಯಲ್ಲಿ ನನಗೆ ಸರಿಯಾದ ಸುದ್ದಿ ಬರುತ್ತಿಲ್ಲ’ ಎಂದಷ್ಟೇ ಹೇಳುತ್ತಿದೆ. ದಾರಿಯಲ್ಲಿ ಸೆನ್ಸರೂ ಇದೆ, ಕಪ್ಲರೂ ಇದೆ, ಗೇಣುದ್ದದಿಂದ ಮಾರುದ್ದದವರೆಗೆ ವೈರೂ ಇದೆ, ಅರ್ತ್ ಸಂಪರ್ಕವೂ ಇದೆ. ಈ ವ್ಯತ್ಯಾಸವನ್ನು ಮರೆತು ಸಂಖ್ಯೆ ಕಂಡೊಡನೆ ಸೆನ್ಸರ್ ತರಿಸುವುದರಿಂದಲೇ ಅನೇಕ ಮನೆಗಳ ಹಣ ಪೋಲಾಗುತ್ತಿದೆ.

ಸೆನ್ಸರನ್ನು ಪಠ್ಯಪುಸ್ತಕಗಳಲ್ಲಿ ಸಂವೇದಕವೆನ್ನುತ್ತಾರೆ. ನಾವು ಗ್ಯಾರೇಜಿನ ಮಾತನ್ನೇ ಇಟ್ಟುಕೊಳ್ಳೋಣ. ಇ.ಸಿ.ಎಂ. ಎಂಬ ಸಣ್ಣ ಪೆಟ್ಟಿಗೆ ಎಷ್ಟು ಪೆಟ್ರೋಲು ಸಿಂಪಡಿಸಬೇಕು, ಯಾವ ಕ್ಷಣದಲ್ಲಿ ಕಿಡಿ ಹಾರಿಸಬೇಕು ಎಂಬುದನ್ನು ನಿರ್ಧರಿಸುತ್ತದೆ. ಅದಕ್ಕೆ ಕಣ್ಣುಕಿವಿಗಳಿಲ್ಲ. ಸೆನ್ಸರುಗಳಿಂದ ಬರುವ ವೋಲ್ಟೇಜೇ ಅದರ ಪಾಲಿನ ಪ್ರಪಂಚ. ತಾಪದ ಸೆನ್ಸರಿನ ಕಡೆಗೆ ಅದು 5 ವೋಲ್ಟ್ ಕಳುಹಿಸುತ್ತದೆ. ಆ ಸೆನ್ಸರು ತಣ್ಣಗಿರುವಾಗ ಕೆಲವು ಸಾವಿರ ಓಮ್ ತಡೆಯನ್ನು ಒಡ್ಡುತ್ತದೆ. ಎಂಜಿನ್ ಬಿಸಿಯಾದಂತೆ ತಡೆ ಕೆಲವು ನೂರು ಓಮ್‌ಗೆ ಇಳಿಯುತ್ತದೆ. ತಡೆ ಇಳಿದಂತೆ ವೋಲ್ಟೇಜೂ ಇಳಿಯುತ್ತದೆ. ಇ.ಸಿ.ಎಂ. ಅದನ್ನು ನೋಡಿ ಎಂಜಿನ್ ಬಿಸಿಯಾಯಿತೆಂದು ತಿಳಿದು ಪೆಟ್ರೋಲನ್ನು ಕಡಮೆ ಮಾಡುತ್ತದೆ. ಈ ದಾರಿಯಲ್ಲಿ ಎಲ್ಲಿಯೇ ವೈರು ಕಡಿದರೂ ವೋಲ್ಟೇಜು ಇಳಿಯದೆ 5ರಲ್ಲಿಯೇ ನಿಂತುಬಿಡುತ್ತದೆ. ಆಗ ಇ.ಸಿ.ಎಂ.ಗೆ ಹಿಮಾಲಯದ ಚಳಿ ಕಾಣುತ್ತದೆ! ತಾವರೆಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಅಂಥ ಚಳಿ ಇರಲಾರದೆಂದು ಅದು ದೀಪ ಹೊತ್ತಿಸಿ, ಒಂದು ಅಂದಾಜು ತಾಪವನ್ನು ಇಟ್ಟುಕೊಂಡು ಗಾಡಿಯನ್ನು ನಡೆಸುತ್ತದೆ. ದೀಪ ಹೊತ್ತಿದ್ದರೂ ಗಾಡಿ ಓಡುವುದು ಇದರಿಂದಲೇ. ಮೈಲೇಜು ಇಳಿಯುವುದೂ, ಬೆಳಗಿನ ಸ್ಟಾರ್ಟಿಂಗ್ ತೊಂದರೆಯೂ ಇದರಿಂದಲೇ.

ಇನ್ನು ಆ ಸಂಖ್ಯೆಗಳಿಗೆ ಬರೋಣ. ಪಿ0118 ಎಂದರೆ ತಾಪದ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜು ಇರಬೇಕಾದುದಕ್ಕಿಂತ ಹೆಚ್ಚು. ಪಿ0123 ಎಂದರೆ ಥ್ರಾಟಲ್ ಸೆನ್ಸರಿನ ಸರ್ಕ್ಯೂಟಿನಲ್ಲಿಯೂ ವೋಲ್ಟೇಜು ಹೆಚ್ಚು. ವೋಲ್ಟೇಜು ಕಡಮೆಯಾಗಿದ್ದರೆ 0117, 0122 ಎಂದು ಬರುತ್ತಿದ್ದವು. ಎರಡು ಬೇರೆ ಬೇರೆ ಸೆನ್ಸರುಗಳು, ನಾಲ್ಕೇ ತಿಂಗಳಲ್ಲಿ, ಎರಡೂ ಒಂದೇ ದಿಕ್ಕಿಗೆ ಕೆಡುವುದು ಅಪರೂಪ. ಊರಿನಲ್ಲಿ ಎರಡು ತೋಟದ ಪಂಪುಸೆಟ್ಟುಗಳು ಒಟ್ಟಿಗೆ ನಿಂತರೆ ರೈತರು ಎರಡು ಮೋಟಾರುಗಳನ್ನೂ ಬಿಚ್ಚಿ ವೈಂಡಿಂಗಿಗೆ ಕಳುಹಿಸುವರೇ? ಮೊದಲು ಟಿ.ಸಿ.ಯ ಫ್ಯೂಸ್ ನೋಡುತ್ತಾರೆ. ಇಲ್ಲಿಯೂ ಎರಡು ಸೆನ್ಸರುಗಳಿಗೆ ಸಾಮಾನ್ಯವಾದುದು ಯಾವುದು ಎಂದು ಕೇಳಬೇಕು. ಬಹುತೇಕ ಗಾಡಿಗಳಲ್ಲಿ ಎರಡಕ್ಕೂ ಸಾಮಾನ್ಯವಾದುದು ಇ.ಸಿ.ಎಂ.ಗೆ ಮರಳಿ ಹೋಗುವ ಒಂದೇ ಅರ್ತ್ ವೈರು. ಅದು ಸಡಿಲವಾದರೆ ಎರಡು ಕಡೆಯೂ ವೋಲ್ಟೇಜು ಇಳಿಯಲಾರದೆ ಮೇಲೆಯೇ ನಿಲ್ಲುತ್ತದೆ. ಚೀಟಿಗಳಲ್ಲಿರುವುದೂ ಅದೇ.

ಹಾಗಾದರೆ ಹೊಸ ಸೆನ್ಸರ್ ಹಾಕಿದ ಮೇಲೆ ಹತ್ತು ದಿನ ದೀಪ ಆರಿದ್ದೇಕೆ? ಈ ಸಂಶಯ ಪತ್ರದಲ್ಲಿಯೂ ಇದೆ, ನ್ಯಾಯವಾದುದೂ ಹೌದು. ಸೆನ್ಸರ್ ಬದಲಾಯಿಸುವಾಗ ಕಪ್ಲರನ್ನು ಕಿತ್ತು ಮತ್ತೆ ಒತ್ತುತ್ತಾರೆ; ಆ ಭಾಗದ ವೈರನ್ನು ಅಲುಗಿಸುತ್ತಾರೆ; ಸ್ಕ್ಯಾನರಿನಿಂದ ಹಳೆಯ ಸಂಖ್ಯೆಯನ್ನು ಅಳಿಸುತ್ತಾರೆ. ಪಿನ್ನಿನ ಮೇಲಿನ ಕಿಲುಬು ಆ ಉಜ್ಜುವಿಕೆಯಿಂದ ಸ್ವಲ್ಪ ಹೋಗುತ್ತದೆ. ಸಂಪರ್ಕ ಕೆಲವು ದಿನ ಸರಿಯಾಗಿರುತ್ತದೆ. ಗುಣ ಮಾಡಿದ್ದು ಉಜ್ಜುವಿಕೆ. ಹೆಸರು ಬಂದದ್ದು ಹೊಸ ಸೆನ್ಸರಿಗೆ. ವಾಟರ್ ಸರ್ವೀಸ್ ಆದ ಮರುದಿನ ಮತ್ತು ಡೈರಿಯ ದಾರಿಯ ಗುಂಡಿಗಳಲ್ಲಿ ದೀಪ ಮಿನುಗುವುದುಂಟು ಎಂದು ಪತ್ರದಲ್ಲಿ ಬರೆದಿದ್ದಾರೆ. ಸೆನ್ಸರಿನ ಒಡಲು ನಿಜವಾಗಿ ಸುಟ್ಟಿದ್ದರೆ ಅದಕ್ಕೆ ಗುಂಡಿ ಯಾವುದು, ನುಣುಪು ರಸ್ತೆ ಯಾವುದು? ನೀರಿಗೂ ಕುಲುಕಾಟಕ್ಕೂ ಬೆದರುವುದು ಸಂಪರ್ಕಗಳು.

ಪರೀಕ್ಷೆ ಕಠಿಣವಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಮೊದಲು ಬ್ಯಾಟರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟಿನ ಆಸುಪಾಸು, ಎಂಜಿನ್ ನಡೆಯುವಾಗ ಸುಮಾರು 13.5ರಿಂದ 14.5 ಇರಬೇಕು. ಇಲ್ಲಿಯೇ ಕೊರತೆಯಿದ್ದರೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ. ಆಮೇಲೆ ಥ್ರಾಟಲ್ ಸೆನ್ಸರಿನ ಕಪ್ಲರ್. ಅದರ ಮೂರು ವೈರುಗಳಲ್ಲಿ ಒಂದರಲ್ಲಿ 5 ವೋಲ್ಟ್ ಬರುತ್ತದೆ, ಒಂದು ಅರ್ತ್, ಇನ್ನೊಂದು ಸುದ್ದಿ ಒಯ್ಯುವುದು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವಿಗೆ ಇಟ್ಟು, ಕೆಂಪು ಕಡ್ಡಿಯನ್ನು 5 ವೋಲ್ಟಿನ ವೈರಿಗೆ ಮುಟ್ಟಿಸಿದಾಗ ಸುಮಾರು 5 ತೋರಿಸಬೇಕು. ಈಗ ಕಪ್ಪು ಕಡ್ಡಿಯನ್ನು ಬ್ಯಾಟರಿಯಿಂದ ತೆಗೆದು ಅದೇ ಕಪ್ಲರಿನ ಅರ್ತ್ ವೈರಿಗೆ ಮುಟ್ಟಿಸಬೇಕು. ಮತ್ತೆ 5 ಬಂದರೆ ಅರ್ತ್ ಆರೋಗ್ಯವಾಗಿದೆ. ಮೊದಲನೆಯ ಸಲ 5 ಬಂದು ಎರಡನೆಯ ಸಲ ಬಾರದೆ ಹೋದರೆ, ಅಥವಾ ವೈರಿಂಗ್ ಕಿಟ್ಟನ್ನು ಕೈಯಿಂದ ಅಲುಗಿಸಿದಾಗ ಅಂಕಿ ಕುಣಿದರೆ, ಕಳ್ಳ ಸಿಕ್ಕಿದನೆಂದೇ ತಿಳಿಯಿರಿ. ಆದರೆ ವೈರಿಗೆ ಸೂಜಿ ಚುಚ್ಚಿ ಪರೀಕ್ಷಿಸಲು ಬಿಡಬೇಡಿ. ಆ ತೂತಿನಿಂದಲೇ ನೀರು ಇಳಿದು ಮುಂದಿನ ವರ್ಷ ಹೊಸ ರೋಗ ಬರುತ್ತದೆ. ಕಪ್ಲರಿನ ಹಿಂಬದಿಯಿಂದ ತೆಳುವಾದ ಪಿನ್ ತೂರಿಸಬೇಕು. ಮೂರು ವೈರಿನ ಸೆನ್ಸರಿನಲ್ಲಿ ಒಂದಕ್ಕೊಂದು ವೈರು ಮುಟ್ಟಿಸಿ ನೋಡುವ ಸಾಹಸವೂ ಕೂಡದು.

ಕಳ್ಳನಿರುವ ಜಾಗ ಯಾವುದಿರಬಹುದು? ಪತ್ರದ ಒಂದು ವಾಕ್ಯ ಗಮನಾರ್ಹವಾಗಿದೆ: ಹಾಲಿನ ಕ್ಯಾನುಗಳಿಗಾಗಿ ಗಾಡಿಯ ಎರಡು ಬದಿಗೂ ಕಬ್ಬಿಣದ ಸ್ಟ್ಯಾಂಡ್ ಕೂರಿಸಿದ್ದಾರೆ. ಸೈಡ್ ಪ್ಯಾನೆಲ್ಲಿನ ಒಳಗೆ ಹಾದುಹೋಗುವ ವೈರಿಂಗ್ ಕಿಟ್ಟು ಆ ಸ್ಟ್ಯಾಂಡಿನ ಬೋಲ್ಟಿಗೂ ಚಾಸಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಗಿದೆಯೇ ನೋಡಬೇಕು. ಇ.ಸಿ.ಎಂ.ನ ದೊಡ್ಡ ಕಪ್ಲರನ್ನು ಬಿಚ್ಚಿ ಪಿನ್ನುಗಳು ಹಸುರುಗಟ್ಟಿವೆಯೇ ನೋಡಬೇಕು. ಕಡಲೆಕಾಯಿ ಚೀಲಗಳ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಮನೆಗಳಲ್ಲಿ ಇಲಿ ಅಳಿಲುಗಳ ಹಲ್ಲಿನ ಗುರುತನ್ನೂ ಹುಡುಕಬೇಕು. ಸ್ಟ್ಯಾಂಡನ್ನು ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡಿಸುವವರು ಬ್ಯಾಟರಿಯ ಎರಡು ತುದಿಗಳನ್ನೂ, ಇ.ಸಿ.ಎಂ. ಕಪ್ಲರನ್ನೂ ಮೊದಲೇ ಕಳಚಿಸಬೇಕು. ಕೆಲವರ ಇ.ಸಿ.ಎಂ. ನಿಜವಾಗಿಯೂ ಹಾಳಾಗುವುದು ಆ ಒಂದು ಗಳಿಗೆಯಲ್ಲಿಯೇ.

ಸೆನ್ಸರುಗಳು ಕೆಡುವುದೇ ಇಲ್ಲವೆಂದು ಇದರ ಅರ್ಥವಲ್ಲ. ಎಂಜಿನ್ ಕಾದ ಮೇಲೆ ತಟ್ಟನೆ ನಿಂತು, ಅರ್ಧ ಗಂಟೆ ಆರಿದ ಬಳಿಕ ಏನೂ ಆಗದಂತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಪಲ್ಸರ್ ಕಾಯಿಲ್ಲಿನ ಮೇಲೆ ಸಂಶಯಪಡಬೇಕು. ಅದರ ಸುರುಳಿ ಬಿಸಿಗೆ ಒಳಗೇ ಬಿಟ್ಟುಕೊಳ್ಳುವುದುಂಟು. ಸೈಲೆನ್ಸರಿನ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರು ಎಂಜಿನ್ ಆಯಿಲ್ ಸುಡುವ ಗಾಡಿಗಳಲ್ಲಿ ಮಸಿಗಟ್ಟಿ ಸಾಯುತ್ತದೆ. ಈ ಸೆನ್ಸರನ್ನು ಬಾಷ್ ಕಂಪನಿ ಮೊದಲು ಕಾರಿಗೆ ಅಳವಡಿಸಿದ್ದು 1976ರಲ್ಲಿ, ವೋಲ್ವೊ ಗಾಡಿಯಲ್ಲಿ. ಬೆಂಗಳೂರಿನ ಹಿರಿಯರು ಇಂದಿಗೂ ಮೈಕೋ ಎಂದೇ ಕರೆಯುವ ಕಾರ್ಖಾನೆ ಅದೇ ಬಾಷ್ ಬಳಗದ್ದು. ಇದು ಸೈಲೆನ್ಸರಿನಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಸುಮಾರು 0.1ರಿಂದ 0.9 ವೋಲ್ಟಿನ ನಡುವೆ ಏರಿಳಿಯುತ್ತಿರಬೇಕು. ಆದರೆ ಇದರ ವಿಷಯದಲ್ಲಿ ಇನ್ನೊಂದು ಬಗೆಯ ಅನ್ಯಾಯ ನಡೆಯುತ್ತದೆ. ಥ್ರಾಟಲ್ ಬಾಡಿಗೂ ಎಂಜಿನ್ನಿಗೂ ನಡುವಿನ ರಬ್ಬರು ಸೀಳಿ ಕಳ್ಳಗಾಳಿ ಒಳಹೋದರೆ, ಅಥವಾ ಪೆಟ್ರೋಲ್ ಪಂಪಿನ ಒತ್ತಡ ಕುಂದಿದರೆ, ‘ಗಾಳಿ ಹೆಚ್ಚಾಗಿದೆ’ ಎಂದು ಸೆನ್ಸರು ಸತ್ಯವನ್ನೇ ನುಡಿಯುತ್ತದೆ. ಸತ್ಯ ನುಡಿದವನನ್ನೇ ಕಿತ್ತೆಸೆದು ಹೊಸಬನನ್ನು ಕೂರಿಸಿದರೆ ಅವನು ಹೇಳುವುದೂ ಅದೇ ಮಾತು ತಾನೆ?

ಇ.ಸಿ.ಎಂ. ಬದಲಾಯಿಸುವುದು ಎಲ್ಲಕ್ಕಿಂತ ಕೊನೆಯ ಹೆಜ್ಜೆ. ಬ್ಯಾಟರಿಯಿಂದ ಅದಕ್ಕೆ ಸರಿಯಾದ ವೋಲ್ಟೇಜು ಬರುತ್ತಿದೆ, ಅರ್ತ್ ಗಟ್ಟಿಯಾಗಿದೆ, ವೈರುಗಳು ತುದಿಯಿಂದ ತುದಿಗೆ ಅಖಂಡವಾಗಿವೆ, ಸೆನ್ಸರುಗಳು ಸ್ವಸ್ಥವಾಗಿವೆ ಎಂಬ ನಾಲ್ಕೂ ಅಳತೆಗಳು ಆದ ಮೇಲೆಯೂ ಅದು ತಪ್ಪು ಹೇಳಿದರೆ ಮಾತ್ರ ಅದರ ಸರದಿ. ತಾವರೆಕೆರೆಯ ಬಂಧುಗಳ ಎರಡೂ ಚೀಟಿಗಳಲ್ಲಿ ಅಂಥ ಒಂದು ಅಳತೆಯೂ ಬರೆದಿಲ್ಲ. ಆದ್ದರಿಂದ ಈಗಲೇ ಹಣ ಕಟ್ಟಬೇಡಿ ಎಂಬುದು ನಮ್ಮ ಸ್ಪಷ್ಟವಾದ ಸಲಹೆ. ಗಾಡಿಯನ್ನು ಮತ್ತೆ ಬಿಡುವಾಗ ಮೆಕ್ಯಾನಿಕ್ಕರಿಗೆ ಸೆನ್ಸರುಗಳ ಅರ್ತ್ ವೈರಿನ ವೋಲ್ಟೇಜು ಅಳೆದು ಚೀಟಿಯಲ್ಲಿ ಬರೆದುಕೊಡಿ ಎಂದು ವಿನಯದಿಂದ ಕೇಳಿ. ದೀಪ ಹೊತ್ತಿರುವಾಗಲೇ ಒಯ್ಯಿರಿ, ಸಂಖ್ಯೆಯನ್ನು ಅಳಿಸುವ ಮುನ್ನ ಬರೆದುಕೊಳ್ಳಿ. ಕಾಯಕದಲ್ಲಿ ನಿಷ್ಠೆಯಿರುವ ಕೆಲಸಗಾರರು ಇದಕ್ಕೆ ಬೇಸರಿಸುವುದಿಲ್ಲ. ಅಲ್ಲಿಯವರೆಗೆ ಹೆದ್ದಾರಿಯಲ್ಲಿ ಲಾರಿಗಳನ್ನು ಹಿಂದೆ ಹಾಕುವ ಆತುರ ಮಗನಿಗೆ ಬೇಡ. ಥ್ರಾಟಲ್ ಸೆನ್ಸರಿನ ಸುದ್ದಿ ನಡುವೆ ಕಡಿದರೆ ರೇಸ್ ಕೊಟ್ಟರೂ ಪಿಕಪ್ ಬಾರದೆ ಹೋಗಬಹುದು.

ತೆಗೆದುಹಾಕಿದ ಹಳೆಯ ಸೆನ್ಸರುಗಳನ್ನು ಮನೆಗೆ ತಂದಿದ್ದೇವೆ ಎಂದೂ ಬರೆದಿದ್ದಾರೆ. ಒಳ್ಳೆಯದೇ ಆಯಿತು. ಥ್ರಾಟಲ್ ಸೆನ್ಸರನ್ನು ಮೆಕ್ಯಾನಿಕ್ಕರಿಂದಲೇ ಅಳೆಸಿ. ತಾಪದ ಸೆನ್ಸರನ್ನು ನೀವೇ ಪರೀಕ್ಷಿಸಬಹುದು. ಮೀಟರನ್ನು ಓಮ್‌ಗೆ ತಿರುಗಿಸಿ ಅದರ ಎರಡು ಪಿನ್ನುಗಳಿಗೆ ಹಿಡಿಯಿರಿ. ತಣ್ಣಗಿರುವಾಗಿನ ಅಂಕಿಯನ್ನು ಬರೆದುಕೊಳ್ಳಿ. ಪಿನ್ನುಗಳು ನೆನೆಯದಂತೆ ಅದರ ಹಿತ್ತಾಳೆಯ ತುದಿಯನ್ನಷ್ಟೇ ಒಂದು ಲೋಟ ಬಿಸಿನೀರಿನಲ್ಲಿ ಅದ್ದಿ. ಅಂಕಿ ಎಲ್ಲಿಯೂ ಜಿಗಿಯದೆ ಒಂದೇ ಸಮನೆ ಸಾವಿರಗಳಿಂದ ನೂರುಗಳ ಕಡೆಗೆ ಇಳಿಯುತ್ತ ಬಂದರೆ ಆ ಸೆನ್ಸರಿಗೆ ಏನೂ ಆಗಿಲ್ಲ. ಒರೆಸಿ, ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಳ್ಳಿ.